ಮೊದಲ ವಿಳಂಬದ ಆರೋಪ

ರಾಯಚೂರು ಜಿಲ್ಲೆಯಲ್ಲಿ ಬಾಣಂತಿಯೊಬ್ಬಳು ಸತ್ತರೆ, ಕಾರಣ ಹುಡುಕುವ ಮೊದಲೇ ಒಂದು ಕಾರಣ ಸಿದ್ಧವಾಗಿರುತ್ತದೆ: ಅರಿವಿನ ಕೊರತೆ. ಪರಿಶೀಲನಾ ಸಭೆಯಲ್ಲಿ ಅಧಿಕಾರಿಗಳು ಅದನ್ನೇ ಹೇಳುತ್ತಾರೆ, ಬೆಂಗಳೂರಿನಿಂದ ಬಂದ ತಜ್ಞರೂ ಅದನ್ನೇ ಹೇಳುತ್ತಾರೆ, ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ಸತ್ತವಳು ಪರಿಶಿಷ್ಟ ಪಂಗಡದ ನಾಯಕರ ಓಣಿಯವಳಾಗಿದ್ದರೆ ಪಟ್ಟಿ ಇನ್ನೂ ಉದ್ದವಾಗುತ್ತದೆ. ಮೂಢನಂಬಿಕೆ, ಎಳೆ ವಯಸ್ಸಿನ ಮದುವೆ, ಮನೆಯಲ್ಲೇ ಹಡೆಯುವ ಹಠ, ಕಬ್ಬಿಣದ ಮಾತ್ರೆ ನುಂಗದ ಮೊಂಡುತನ. ಹಾಗಾಗಿ ಪರಿಹಾರವೂ ಮೊದಲೇ ಗೊತ್ತಿರುತ್ತದೆ: ಜಾಥಾ, ಗೋಡೆಬರಹ, ಬೀದಿನಾಟಕ, ಸೀಮಂತದ ಕಾರ್ಯಕ್ರಮ.

ಈ ಮಾತು ಇಂದಿನ ಮಟ್ಟಿಗೆ ಸುಳ್ಳು ಎಂಬುದು ನನ್ನ ವಾದ. ಮೂವತ್ತು ವರ್ಷಗಳ ಹಿಂದೆ ಅದರಲ್ಲಿ ಅರ್ಧ ಸತ್ಯವಿತ್ತು. ಈಗ ದೇವದುರ್ಗ, ಮಾನ್ವಿ, ಮಸರಕಲ್ ಸೀಮೆಯ ಹೆಂಗಸರು ದವಾಖಾನೆಗೆ ಬಂದಾಗಿದೆ. ಹೆಸರು ಬರೆಸಿದ್ದಾರೆ, ತಾಯಿ ಕಾರ್ಡ್ ಮಾಡಿಸಿದ್ದಾರೆ, ಬೇನೆ ಶುರುವಾದರೆ 108ಕ್ಕೆ ಫೋನ್ ಮಾಡುತ್ತಾರೆ. ಸರ್ಕಾರ ಹೇಳಿದ್ದನ್ನೆಲ್ಲ ಅವರು ಮಾಡಿದ ಮೇಲೂ ಸಾವು ನಿಂತಿಲ್ಲ ಎಂದರೆ, ತನಿಖೆ ಅವರ ಓಣಿಯಿಂದ ಎದ್ದು ಬೇರೆಡೆಗೆ ಹೋಗಬೇಕು.

ಮೊದಲು ಈ ಸೀಮೆಯ ಬುಡಕಟ್ಟಿನವರು ಯಾರು ಎಂಬುದನ್ನು ನೋಡಬೇಕು. ಚರ್ಚೆ ಹಾದಿ ತಪ್ಪುವುದು ಅಲ್ಲಿಂದಲೇ. ಕರ್ನಾಟಕದಲ್ಲಿ ಆದಿವಾಸಿ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆಯ ಜೇನುಕುರುಬರು, ಕರಾವಳಿಯ ಕೊರಗರು. ಆದರೆ 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಶೇ 7ರಷ್ಟಿದ್ದರೆ, ರಾಯಚೂರು ಜಿಲ್ಲೆಯಲ್ಲಿ ಶೇ 19ರಷ್ಟು. ಸುಮಾರು 19 ಲಕ್ಷ ಜನರಲ್ಲಿ ಐದರಲ್ಲೊಬ್ಬರು. ದೇವದುರ್ಗ, ಮಾನ್ವಿ, ಮಸ್ಕಿ, ರಾಯಚೂರು ಗ್ರಾಮಾಂತರ, ಈ ನಾಲ್ಕೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ರಾಯಚೂರು ಲೋಕಸಭಾ ಕ್ಷೇತ್ರವೂ ಹಾಗೆಯೇ. ಇವರಲ್ಲಿ ಬಹುತೇಕರು ನಾಯಕರು, ಬೇಡರು, ವಾಲ್ಮೀಕಿಗಳು. ಸುರಪುರದ ಸಂಸ್ಥಾನವನ್ನು ಆಳಿದ, 1857ರಲ್ಲಿ ಹಲಗಲಿಯಲ್ಲಿ ಬ್ರಿಟಿಷರಿಗೆ ಎದುರು ನಿಂತ ಜನ. ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸ್ಪಷ್ಟವಾಗಿ ಸೇರಿದ್ದು 1991ರಲ್ಲಿ. ಇವರಿಗೆ ಕಾಡಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎರೆಭೂಮಿ ಇದೆ. ಅದರಲ್ಲೂ ಬಹಳ ಜನರಿಗೆ ಇರುವುದು ಬೇರೆಯವರ ಹೊಲದ ಕೂಲಿ: ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಭತ್ತದ ನಾಟಿ.

ಕಾಡಿಲ್ಲದ್ದರಿಂದ ಇವರು ಬುಡಕಟ್ಟು ಆರೋಗ್ಯದ ಲೆಕ್ಕದಿಂದಲೇ ಹೊರಗುಳಿದರು. ಸರ್ಕಾರಿ ಮಾನದಂಡದಲ್ಲಿ ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಬುಡಕಟ್ಟು ಮತ್ತು ಗುಡ್ಡಗಾಡು ಪ್ರದೇಶದಲ್ಲಿ 20,000ಕ್ಕೆ ಒಂದು. ಉಪಕೇಂದ್ರಕ್ಕೆ ಬಯಲಿನಲ್ಲಿ 5,000 ಜನ, ಬುಡಕಟ್ಟು ಪ್ರದೇಶದಲ್ಲಿ 3,000. ಈ ರಿಯಾಯಿತಿ ಸಿಗುವುದು ಜಾಗಕ್ಕೆ, ಜನಕ್ಕಲ್ಲ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ ಒಂದೂ ಇಲ್ಲ. ಬುಡಕಟ್ಟು ಅಭಿವೃದ್ಧಿಯ ವಿಶೇಷ ಯೋಜನೆಗಳು ಬೇರು ಬಿಟ್ಟಿದ್ದು ಮೈಸೂರು, ಚಾಮರಾಜನಗರ, ಕೊಡಗಿನಂಥ ಮಲೆಯ ಜಿಲ್ಲೆಗಳಲ್ಲಿ. 2023ರಲ್ಲಿ ಬಂದ ಪಿಎಂ-ಜನಮನ್ ಇರುವುದು ಅತಿ ದುರ್ಬಲ ಬುಡಕಟ್ಟುಗಳಿಗೆ. ರಾಜ್ಯದಲ್ಲಿ ಅದು ಜೇನುಕುರುಬರಿಗೆ ಮತ್ತು ಕೊರಗರಿಗೆ. ಅವರಿಗೆ ಸಿಗಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಡಾ. ಅಭಯ್ ಬಂಗ್ ಅಧ್ಯಕ್ಷತೆಯ ತಜ್ಞರ ಸಮಿತಿ 2018ರಲ್ಲಿ ಕೊಟ್ಟ ವರದಿ ಒಂದು ಮುಖ್ಯ ಸಂಗತಿಯನ್ನು ಎತ್ತಿ ಹೇಳಿತು: ಬುಡಕಟ್ಟಿನವರೇ ಹೆಚ್ಚಿರುವ 809 ಬ್ಲಾಕುಗಳು ದೇಶದಲ್ಲಿವೆ, ಆದರೆ ದೇಶದ ಬುಡಕಟ್ಟು ಜನರಲ್ಲಿ ಅರ್ಧದಷ್ಟು ಮಂದಿ ಅವುಗಳ ಹೊರಗೆ, ಬೇರೆ ಜನರ ನಡುವೆ ಬದುಕುತ್ತಿದ್ದಾರೆ. ದೇವದುರ್ಗದ ನಾಯಕರು ಆ ಅರ್ಧದವರು. ಕಾಡಿನವರಿಗೆ ಯೋಜನೆ, ಬಯಲಿನವರಿಗೆ ಮೀಸಲು ಕ್ಷೇತ್ರ, ಹೀಗೆ ಹಂಚಿಕೆಯಾಗಿದೆ.

ಲೆಕ್ಕದಲ್ಲೂ ಇವರು ಕಾಣುವುದಿಲ್ಲ. ತಾಯಿ ಮರಣದ ಪ್ರಮಾಣವನ್ನು ನಾವು ತಿಳಿಯುವುದು ಮಾದರಿ ನೋಂದಣಿ ಸಮೀಕ್ಷೆಯಿಂದ. 2018-20ರ ಅವಧಿಯಲ್ಲಿ ಒಂದು ಲಕ್ಷ ಸಜೀವ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರು. ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54. ದಕ್ಷಿಣದಲ್ಲಿ ಕೊನೆಯ ಸ್ಥಾನ ನಮ್ಮದು. ಈ ಅಂಕಿ ಬರುವುದು ಇಡೀ ರಾಜ್ಯಕ್ಕೆ ಒಂದು. ಜಿಲ್ಲೆಗೆ ಬೇರೆ ಇಲ್ಲ, ಜಾತಿಗೆ ಬೇರೆ ಇಲ್ಲ, ತಾಲ್ಲೂಕಿನ ಮಾತಂತೂ ದೂರ. ಮಂಗಳೂರಿನ ಬಾಣಂತಿ ಮತ್ತು ಮಸರಕಲ್‌ನ ಬಾಣಂತಿ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತಾರೆ.

ಈಗ ಮುಖ್ಯ ವಾದಕ್ಕೆ ಬರುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಹಿಂದುಳಿದ ಜಿಲ್ಲೆಯಲ್ಲಿ ಇದು ಸ್ವಲ್ಪ ಕಡಿಮೆ ಇರಬಹುದು ಎಂದುಕೊಂಡರೂ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆಯ ಬಾಗಿಲು ತಲುಪಿರುವ ರಾಜ್ಯದಲ್ಲಿ ಸಾವಿನ ಕಾರಣವನ್ನು ಬಾಗಿಲ ಹೊರಗೇ ಹುಡುಕುವುದು ಹೇಗೆ ಸರಿ? 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಆದ 464 ತಾಯಿ ಮರಣಗಳನ್ನು ಸರ್ಕಾರವೇ ಪರಿಶೀಲನೆಗೆ ಒಳಪಡಿಸಿತು. ಅವುಗಳಲ್ಲಿ ಶೇ 70ಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದ ಸಾವುಗಳು ಎಂದು ವರದಿ ಹೇಳಿತು. 18 ಸಾವುಗಳಿಗೆ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ನಂಟು ಕಂಡುಬಂತು. ಆ ವರ್ಷ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಇಡೀ ರಾಜ್ಯ ಬೆಚ್ಚಿಬಿದ್ದಿತ್ತು. ಅದರ ಬೆನ್ನಿಗೇ ರಾಯಚೂರು ಜಿಲ್ಲೆಯ ಸಿಂಧನೂರಿನಿಂದಲೂ ಬಾಣಂತಿಯರ ಸಾವಿನ ಸುದ್ದಿ ಬಂತು.

ಆ ಹೆಂಗಸರಲ್ಲಿ ಅರಿವಿನ ಕೊರತೆ ಎಲ್ಲಿತ್ತು? ಜಾಥಾದಲ್ಲಿ ಹೇಳಿಕೊಟ್ಟದ್ದನ್ನೇ ಅವರು ಮಾಡಿದ್ದರು. ದಿನ ತುಂಬಿದ ಮೇಲೆ ಮನೆಯಲ್ಲಿ ಕೂರಲಿಲ್ಲ, ಸೂಲಗಿತ್ತಿಯನ್ನು ಕರೆಸಲಿಲ್ಲ, ಸರ್ಕಾರದ ಆಸ್ಪತ್ರೆಗೆ ಬಂದು ಸರ್ಕಾರದ ಮಂಚದ ಮೇಲೆ ಮಲಗಿ ಸರ್ಕಾರ ಕೊಟ್ಟ ಡ್ರಿಪ್ಪಿಗೆ ಕೈ ಚಾಚಿದರು.

ತಾಯಿ ಮರಣದ ತನಿಖೆಯಲ್ಲಿ ಮೂರು ವಿಳಂಬಗಳ ಲೆಕ್ಕವಿದೆ. ಆರೈಕೆ ಬೇಕು ಎಂದು ನಿರ್ಧರಿಸುವಲ್ಲಿ ಆದ ತಡ ಮೊದಲನೆಯದು, ಆಸ್ಪತ್ರೆ ಮುಟ್ಟುವಲ್ಲಿ ಆದದ್ದು ಎರಡನೆಯದು, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ಆದದ್ದು ಮೂರನೆಯದು. ಸೆರೀನ್ ಥಾಡಿಯಸ್ ಮತ್ತು ಡೆಬೋರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಮುಂದಿಟ್ಟ ಈ ಚೌಕಟ್ಟು ಇಂದು ನಮ್ಮ ಸರ್ಕಾರಿ ನಮೂನೆಗಳಲ್ಲೂ ಇದೆ. ಮೂರರಲ್ಲಿ ಗುರುತು ಹಾಕಲು ಸುಲಭವಾದದ್ದು ಮೊದಲನೆಯದು. ಎರಡನೆಯದಕ್ಕೆ ಗುರುತು ಹಾಕಿದರೆ ರಸ್ತೆ, ಆಂಬುಲೆನ್ಸ್ ಪ್ರಶ್ನೆ ಬರುತ್ತದೆ. ಮೂರನೆಯದಕ್ಕೆ ಹಾಕಿದರೆ ನಮೂನೆ ತುಂಬುವವರ ಸಹೋದ್ಯೋಗಿಗಳ ಮೇಲೇ ಪ್ರಶ್ನೆ ಏಳುತ್ತದೆ. ಮೊದಲನೆಯದಕ್ಕೆ ಹಾಕಿದರೆ ಉತ್ತರ ಕೊಡಬೇಕಾದವಳು ಸತ್ತಿರುತ್ತಾಳೆ.

ಆ ಇಬ್ಬರು ಲೇಖಕಿಯರು ಹೇಳಿದ ಇನ್ನೊಂದು ಮಾತನ್ನು ನಾವು ಮರೆತಿದ್ದೇವೆ. ಮೂರು ವಿಳಂಬಗಳು ಬೇರೆಬೇರೆಯಲ್ಲ. ಆಸ್ಪತ್ರೆಯಲ್ಲಿ ಏನು ಸಿಗುತ್ತದೆ, ಹೇಗೆ ನಡೆಸಿಕೊಳ್ಳುತ್ತಾರೆ ಎಂಬ ಜನರ ಅನುಭವವೇ ಹೋಗಬೇಕೋ ಬೇಡವೋ ಎಂಬ ನಿರ್ಧಾರವನ್ನು ರೂಪಿಸುತ್ತದೆ. ಹೋದ ಸಲ ದವಾಖಾನೆಗೆ ಒಯ್ದಾಗ ಅಲ್ಲಿಂದ ಇನ್ನೊಂದು ಕಡೆಗೆ ಕಳಿಸಿದ್ದನ್ನು ಕಂಡ ಅತ್ತೆ, ಈ ಸಲ ಒಂದು ತಾಸು ತಡೆದು ನೋಡೋಣ ಎಂದರೆ ಅದು ಅಜ್ಞಾನವಲ್ಲ. ಕಲಿತ ಪಾಠ. ಆ ಪಾಠ ತಪ್ಪು ದಾರಿಗೆ ಒಯ್ಯಬಹುದು, ಒಯ್ಯುತ್ತದೆ ಕೂಡ. ಕಲಿಸಿದ್ದು ಮಾತ್ರ ಆಸ್ಪತ್ರೆಯೇ.

ಈ ಸೀಮೆಯಲ್ಲಿ ಹೆರಿಗೆಯ ಮಾತು ಎತ್ತಿದರೆ ಯಾವ ಓಣಿಯಲ್ಲಾದರೂ ಕೇಳಿಬರುವ ವಾಕ್ಯ ಇದು: "ರಕ್ತ ಕಮ್ಮಿ ಐತಿ, ಇಲ್ಲಿ ಆಗಂಗಿಲ್ಲ, ರಾಯಚೂರಿಗೆ ಒಯ್ರಿ ಅಂದ್ರು." ಮಸರಕಲ್ ಸುತ್ತಿನ ಹಳ್ಳಿಯೊಂದರ ಬಸುರಿಯ ದಾರಿ ಹೇಗಿರುತ್ತದೆ ಎಂದು ಹಿಂಬಾಲಿಸಿ ನೋಡಿ. ಬೇನೆ ಶುರುವಾಗುತ್ತದೆ. ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ; ಅಲ್ಲಿ ದಾದಿ ಇದ್ದರೆ, ಎಲ್ಲ ಸರಳವಾಗಿದ್ದರೆ, ಹೆರಿಗೆ ಆಗುತ್ತದೆ. ಬಿಪಿ ಏರಿದ್ದರೆ, ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿದ್ದರೆ, ಮಗು ಅಡ್ಡ ಬಂದಿದ್ದರೆ, ದೇವದುರ್ಗದ ತಾಲ್ಲೂಕು ಆಸ್ಪತ್ರೆಗೆ. ಅಲ್ಲಿ ಸಿಸೇರಿಯನ್ ಮಾಡಬೇಕೆಂದರೆ ಒಂದೇ ಹೊತ್ತಿಗೆ ನಾಲ್ಕು ಕೂಡಿಬರಬೇಕು: ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ಫ್ರಿಜ್ಜಿನಲ್ಲಿ ಹೊಂದುವ ರಕ್ತ. ನಾಲ್ಕರಲ್ಲಿ ಮೂರು ಇದ್ದರೂ ಆಪರೇಷನ್ ಆಗುವುದಿಲ್ಲ. ಹಗಲು ಇದ್ದದ್ದು ರಾತ್ರಿ ಇಲ್ಲದಿದ್ದರೂ ಆಗುವುದಿಲ್ಲ. ಆಗ ಚೀಟಿ ಬರೆಯುತ್ತಾರೆ, ರಾಯಚೂರಿಗೆ. ಮತ್ತೆ ಐವತ್ತು ಕಿಲೋಮೀಟರಿನಷ್ಟು ದಾರಿ.

ಹೆರಿಗೆಯ ನಂತರ ರಕ್ತ ಸುರಿಯತೊಡಗಿದರೆ, ತಡೆಯದೆ ಬಿಟ್ಟರೆ, ಗಟ್ಟಿಮುಟ್ಟಾದ ಹೆಂಗಸೂ ಎರಡು ತಾಸಿನೊಳಗೆ ಸಾಯಬಹುದು. ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಅಷ್ಟೂ ಹೊತ್ತಿಲ್ಲ. ಗಾಡಿಗೆ ಕಾಯುವುದು, ದಾರಿ, ದೊಡ್ಡ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದು, ರಕ್ತ ತರಲು ಗಂಡನೋ ಮೈದುನನೋ ಓಡುವುದು, ಇವೆಲ್ಲ ಆ ಎರಡು ತಾಸಿನಿಂದಲೇ ಕಡಿದುಹೋಗುವ ಹೊತ್ತು. ಅವಳು ಸತ್ತದ್ದು ರಾಯಚೂರಿನಲ್ಲಿ ಎಂದು ದಾಖಲೆಯಾಗುತ್ತದೆ. "ಬರುವಾಗಲೇ ಸ್ಥಿತಿ ಗಂಭೀರವಾಗಿತ್ತು" ಎಂದು ಷರಾ ಬೀಳುತ್ತದೆ. ಎರಡೂ ನಿಜ. ಸಾವು ಎಲ್ಲಿ ಶುರುವಾಯಿತು ಎಂಬುದನ್ನು ಎರಡೂ ಹೇಳುವುದಿಲ್ಲ.

ಇದು ನನ್ನೊಬ್ಬನ ಊಹೆಯಲ್ಲ. 1997ರವರೆಗೆ ರಾಯಚೂರು ಜಿಲ್ಲೆಯ ಭಾಗವೇ ಆಗಿದ್ದ ಕೊಪ್ಪಳದಲ್ಲಿ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಮೊದಲಾದವರು ವರ್ಷಗಟ್ಟಲೆ ಕೆಲಸ ಮಾಡಿದರು. ಸತ್ತ ತಾಯಂದಿರ ಮನೆಗಳಿಗೆ ಹೋಗಿ ಕುಟುಂಬದವರ ಮಾತು ಕೇಳಿದರು. 2007ರಲ್ಲಿ ಪ್ರಕಟವಾದ ಆಶಾ ಜಾರ್ಜ್ ಅವರ ಲೇಖನ ಗುರುತಿಸಿದ ಕಾರಣಗಳು ಐದು: ದುರ್ಬಲ ಮಾಹಿತಿ ವ್ಯವಸ್ಥೆ, ನಡುನಡುವೆ ಕಡಿದುಹೋಗುವ ಆರೈಕೆ, ಬೆಂಬಲವಿಲ್ಲದ ಆರೋಗ್ಯ ಕಾರ್ಯಕರ್ತರು, ಗೊತ್ತುಗುರಿಯಿಲ್ಲದ ರೆಫರಲ್, ದಾರಿ ತಪ್ಪಿದ ಉತ್ತರದಾಯಿತ್ವ. ಅರಿವಿನ ಕೊರತೆ ಆ ಐದರಲ್ಲಿ ಇಲ್ಲ. ಹದಿನೈದು ವರ್ಷಗಳಾಚೆ, ನಮ್ಮ ನೆರೆಯಲ್ಲೇ, ನಮ್ಮದೇ ಜನರ ನಡುವೆ ಇದು ಸಿದ್ಧವಾಗಿತ್ತು. ಅದನ್ನು ಓದಿ ನಡೆದಿದ್ದರೆ 2024ರ ಸುದ್ದಿಗಳಲ್ಲಿ ಎಷ್ಟೋ ಇರುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ರಕ್ತದ ವಿಷಯವನ್ನು ಬಿಡಿಸಿ ನೋಡಬೇಕು, ಏಕೆಂದರೆ "ಅವರು ಮಾತ್ರೆ ನುಂಗೋದಿಲ್ಲ" ಎಂಬ ದೂರು ಹುಟ್ಟುವುದು ಇಲ್ಲಿ. ರಾಜ್ಯದ ಬಸುರಿಯರಲ್ಲಿ ಶೇ 45ರಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ಕಬ್ಬಿಣದ ಮಾತ್ರೆ ಖಾಲಿ ಹೊಟ್ಟೆಗೆ ಬಿದ್ದರೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ. ನಸುಕಿನಲ್ಲಿ ರೊಟ್ಟಿ ಬಡಿದು, ಎಂಟಕ್ಕೆಲ್ಲ ಹತ್ತಿ ಹೊಲದಲ್ಲಿ ನಿಂತು, ಬಿಸಿಲಲ್ಲಿ ಬಗ್ಗಿ ಏಳುವ ಬಸುರಿಗೆ ವಾಕರಿಕೆ ಎಂದರೆ ಅಂದಿನ ಕೂಲಿ ಹೋಯಿತೆಂದೇ ಅರ್ಥ. ಅವಳು ಮಾತ್ರೆ ಬಿಡುವುದು ಮೊಂಡುತನದಿಂದಲ್ಲ. ಅಲ್ಲದೆ ಮದುವೆಗೆ ಮೊದಲೇ ರಕ್ತ ಬತ್ತಿದವಳಿಗೆ, ಎರಡು ಹೆರಿಗೆಗಳ ನಡುವೆ ಅಂತರವಿಲ್ಲದವಳಿಗೆ, ನಾಲ್ಕನೇ ತಿಂಗಳಲ್ಲಿ ಶುರುವಾಗುವ ಮಾತ್ರೆ ಸಾಲುವುದೇ ಇಲ್ಲ. ಅವಳಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡಬೇಕು. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ, ದಾದಿ, ವೈದ್ಯರು, ಒಂದು ಮಂಚ ಇರಬೇಕು. ಆರನೇ ತಿಂಗಳಲ್ಲಿ ಅಷ್ಟು ಮಾಡಿದರೆ ಒಂಬತ್ತನೇ ತಿಂಗಳಲ್ಲಿ ರಾಯಚೂರಿನ ಚೀಟಿ ಬರೆಯುವ ಪ್ರಸಂಗ ಎಷ್ಟೋ ಸಲ ಬರುವುದೇ ಇಲ್ಲ. ಪ್ರತಿ ತಪಾಸಣೆಯಲ್ಲೂ ಕಾರ್ಡಿನ ಮೇಲೆ ಹಿಮೋಗ್ಲೋಬಿನ್ ಅಂಕಿ ಬರೆದುಕೊಟ್ಟು ಕಳಿಸುತ್ತೇವೆ. ಬರೆದ ಅಂಕಿಗೆ ತಕ್ಕ ಚಿಕಿತ್ಸೆ ಆಯಿತೋ ಇಲ್ಲವೋ ಎಂದು ಕೇಳುವವರು ಬೇಕು.

2017ರ ಅಕ್ಟೋಬರ್ 2ರಂದು ರಾಜ್ಯವ್ಯಾಪಿಯಾಗಿ ಶುರುವಾದ ಮಾತೃಪೂರ್ಣ ಯೋಜನೆಯ ಹಿಂದಿನ ಆಲೋಚನೆ ಒಳ್ಳೆಯದು. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು. ಆದರೆ ಮಧ್ಯಾಹ್ನ ಕೂಲಿಯವಳು ಊರಲ್ಲಿ ಇರುವುದಿಲ್ಲ. ಹೊಲದಿಂದ ಅಂಗನವಾಡಿಗೆ ಬಂದು ಹೋದರೆ ಅರ್ಧ ದಿನದ ಕೂಲಿಗೆ ಕತ್ತರಿ. ಊಟ ಸಿಗುವುದು ಕೂಲಿಗೆ ಹೋಗದೆ ಮನೆಯಲ್ಲಿರಲು ಸಾಧ್ಯವಿರುವವಳಿಗೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ ಚೊಚ್ಚಲ ಹೆರಿಗೆಗೆ. ಎರಡನೆಯದು ಹೆಣ್ಣಾದರೆ ಮಾತ್ರ ಮತ್ತೆ ಸಿಗುವಂತೆ 2022ರಲ್ಲಿ ಬದಲಾಯಿತು. ಮೂರನೇ, ನಾಲ್ಕನೇ ಬಸಿರಿನವಳಿಗೆ ಏನೂ ಇಲ್ಲ. ವೈದ್ಯಶಾಸ್ತ್ರದ ಪ್ರಕಾರ ರಕ್ತಸ್ರಾವದ ಅಪಾಯ ಹೆಚ್ಚಿರುವವರಲ್ಲಿ ಹಲವು ಸಲ ಹೆತ್ತವಳೂ ಒಬ್ಬಳು. ಅವಳನ್ನೇ ಬಿಟ್ಟು ಬರೆದ ನಿಯಮ ಇದು.

ರೂಢಿಯ ಅಭಿಪ್ರಾಯಕ್ಕೆ ಬಲವಾದ ಪುರಾವೆ ಬಾಲ್ಯವಿವಾಹ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಈ ಸೀಮೆಯಲ್ಲಿ ಹದಿನಾರು ಹದಿನೇಳಕ್ಕೆ ಮದುವೆ ಮಾಡುವವರು ಇದ್ದಾರೆ, ಎಳೆಯ ದೇಹ ಹೊರುವ ಬಸಿರು ಅಪಾಯದ್ದು. 2011ರಲ್ಲಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 48.7 ಇತ್ತು ಎಂಬುದೂ ಇದರ ಜೊತೆಗೇ ಇರುವ ಸಂಗತಿ. ಹೈಸ್ಕೂಲು ದೂರವಾದ ಊರಿನಲ್ಲಿ, ಗಂಡ ಹೆಂಡಿರಿಬ್ಬರೂ ದುಡಿಯಲು ಪರವೂರಿಗೆ ಹೋಗುವ ಮನೆಯಲ್ಲಿ, ಬೆಳೆದ ಹುಡುಗಿಯನ್ನು ಯಾರ ಹತ್ತಿರ ಬಿಡುವುದು ಎಂಬ ಭಯಕ್ಕೆ ಮದುವೆ ಉತ್ತರವಾಗುತ್ತದೆ. ಇದನ್ನು ಸಂಪ್ರದಾಯ ಎಂದು ಕರೆದು ಮುಗಿಸಿದರೆ ಶಾಲೆ, ಹಾಸ್ಟೆಲ್, ಬಸ್ಸಿನ ಪ್ರಶ್ನೆಗಳು ಕಣ್ಮರೆಯಾಗುತ್ತವೆ.

ಇನ್ನೂ ಕಷ್ಟದ ಮಾತೊಂದಿದೆ. ಹದಿನೆಂಟು ತುಂಬದ ಹುಡುಗಿ ಬಸುರಿಯಾಗಿ ಬಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಪೋಕ್ಸೊ ಕಾಯ್ದೆ ಹಾಗೆ ಹೇಳುತ್ತದೆ. ಕಾಯ್ದೆಯ ಉದ್ದೇಶ ಹುಡುಗಿಯ ರಕ್ಷಣೆ, ಅದು ಬೇಕು. ಆದರೆ ಗಂಡ, ಮಾವ, ಅಪ್ಪ ಜೈಲಿಗೆ ಹೋಗುವ ಭಯವಿರುವ ಮನೆ ಆ ಹುಡುಗಿಯನ್ನು ಮೂರನೇ ತಿಂಗಳಲ್ಲಿ ಆಸ್ಪತ್ರೆಗೆ ತರುವುದಿಲ್ಲ. ತಂದರೂ ವಯಸ್ಸು ಹತ್ತೊಂಬತ್ತು ಎನ್ನುತ್ತದೆ. ಎಲ್ಲರಿಗಿಂತ ಹೆಚ್ಚು ನಿಗಾ ಬೇಕಾದವಳು ಎಲ್ಲರಿಗಿಂತ ಕಡಿಮೆ ಕಾಣಿಸಿಕೊಳ್ಳುತ್ತಾಳೆ. ಆ ಸುಳ್ಳು ವಯಸ್ಸು ಅವಳ ಕಾರ್ಡಿನಲ್ಲಿ ಉಳಿದು, ಅಪಾಯದ ಬಸಿರು ಎಂಬ ಗುರುತೂ ಬೀಳುವುದಿಲ್ಲ. ತಪ್ಪಿತಸ್ಥರ ವಿಚಾರಣೆ ಒಂದು ಕಡೆ, ಹುಡುಗಿಯ ಚಿಕಿತ್ಸೆ ಇನ್ನೊಂದು ಕಡೆ ನಡೆಯುವಂತೆ ದಾರಿ ಮಾಡದಿದ್ದರೆ, ಅವಳ ಜೀವ ಕಾಯಲು ಬರೆದ ಕಾನೂನೇ ಅವಳನ್ನು ದವಾಖಾನೆಯಿಂದ ದೂರ ಇಡುತ್ತದೆ.

ಅರಿವಿನ ವಾದದ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ಮಾತು ಓಡಾಡುತ್ತದೆ: ಹಿಂದಿನವರು ಸೂಲಗಿತ್ತಿಯರ ಕೈಯಲ್ಲಿ ಸುಖವಾಗಿ ಹಡೆಯುತ್ತಿದ್ದರು, ಆಸ್ಪತ್ರೆ ಎಲ್ಲ ಕೆಡಿಸಿತು ಎಂದು. ಇದನ್ನೂ ನಾನು ಒಪ್ಪಲಾರೆ. ಪಾವಗಡದ ಸೂಲಗಿತ್ತಿ ನರಸಮ್ಮ ಸಾವಿರಾರು ಮಕ್ಕಳನ್ನು ಭೂಮಿಗೆ ತಂದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ನಾಡಿಗೇ ಹೆಮ್ಮೆ. ಆದರೆ ಕೈಗುಣ ಎಷ್ಟೇ ಇದ್ದರೂ ಹರಿದ ಗರ್ಭಕೋಶಕ್ಕೆ, ಏರಿದ ಬಿಪಿಯ ಸೆಳೆತಕ್ಕೆ ಹಟ್ಟಿಯಲ್ಲಿ ಮದ್ದಿಲ್ಲ. ಸೂಲಗಿತ್ತಿಯರಿಂದ ಕಲಿಯಬೇಕಾಗಿದ್ದದ್ದು ಬೇರೆ: ಬೇನೆಯ ಹೊತ್ತಿನಲ್ಲಿ ಪಕ್ಕ ಬಿಟ್ಟು ಕದಲದಿರುವುದು, ಬೈಯದಿರುವುದು, ಹೆತ್ತ ಮೇಲೆ ಹನ್ನೊಂದು ದಿನ ದಿನವೂ ಮನೆಗೆ ಬಂದು ನೋಡುವುದು. ಹೆರಿಗೆಯಾಗಿ ಎರಡು ದಿನಕ್ಕೆ ಮನೆಗೆ ಕಳಿಸಿ, ನಂತರದ ಜ್ವರ, ನಂಜು, ರಕ್ತಸ್ರಾವವನ್ನು ಅವಳ ಪಾಡಿಗೆ ಬಿಡುವ ನಮ್ಮ ಆಸ್ಪತ್ರೆಗಳು ಅದನ್ನು ಕಲಿಯಲಿಲ್ಲ. ಸೂಲಗಿತ್ತಿಯನ್ನು ಹೊರಗೆ ಹಾಕಿದ ಜಾಗದಲ್ಲಿ ಯಾರನ್ನೂ ಕೂರಿಸಲಿಲ್ಲ.

ಹಳ್ಳಿಯ ಮಟ್ಟದಲ್ಲಿ ಏನು ಸಾಧ್ಯ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ದೊಡ್ಡ ಉದಾಹರಣೆ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ವಿದೇಶಿ ಸಂಶೋಧಕರ ಜೊತೆಗೂಡಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಹೆಂಗಸರೊಂದಿಗೆ ಒಂದು ಪರೀಕ್ಷೆ ನಡೆಸಿದರು. ಹೆರಿಗೆ ಮಾಡಿಸಿದವರು ಸಹಾಯಕ ದಾದಿಯರು, ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ. ಅರ್ಧದಷ್ಟು ಮಂದಿಗೆ ಮಿಸೊಪ್ರಾಸ್ಟಾಲ್ ಎಂಬ ಅಗ್ಗದ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಹಲವು ದೇಶಗಳ ನೀತಿಯ ಚರ್ಚೆಗೆ ಆಧಾರವಾಯಿತು. ಅಲ್ಲಿ ಬದಲಾದದ್ದು ಹೆಂಗಸರ ಅರಿವಲ್ಲ. ದಾದಿಯ ಕೈಗೆ ಬಂದ ಮಾತ್ರೆ, ಅವಳಿಗೆ ಸಿಕ್ಕ ತರಬೇತಿ, ಬೇನೆಯ ಹೊತ್ತಿಗೆ ಅವಳು ಅಲ್ಲಿ ಇದ್ದದ್ದು. ಇತ್ತೀಚೆಗೆ, 2023ರಲ್ಲಿ, ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೂ ಇದನ್ನೇ ತೋರಿಸಿತು. ಸುರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ ಅಳತೆಯ ಚೀಲದಲ್ಲಿ ಅಳೆದು, ಮಿತಿ ದಾಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡಿದರೆ ಗಂಭೀರ ಸ್ಥಿತಿಗೆ ಹೋಗುವುದು ಶೇ 60ರಷ್ಟು ತಗ್ಗುತ್ತದೆ. ಒಂದು ಪ್ಲಾಸ್ಟಿಕ್ ಚೀಲ, ಎಚ್ಚರದಿಂದಿರುವ ಒಬ್ಬ ದಾದಿ.

ರಾಯಚೂರಿನವರಿಗೆ ಈಗ ಹೇಳುವ ಮಾತು ಸ್ವಲ್ಪ ಕಹಿಯಾಗಬಹುದು. 2022ರ ಮೇ 13ರಿಂದ ಏಮ್ಸ್‌ಗಾಗಿ ರಾಯಚೂರಿನಲ್ಲಿ ಧರಣಿ ನಡೆದಿದೆ. ಸಾವಿರ ದಿನ ದಾಟಿದ ಆ ಹೋರಾಟದ ನ್ಯಾಯ ನನಗೆ ಮನವರಿಕೆಯಾಗಿದೆ. ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಕನ್ನಡ ನಾಡಿಗೆ ಸೇರಿದ ಈ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದೇ 2007ರಲ್ಲಿ. ಬೆಂಗಳೂರಿನಲ್ಲಿ ವಾಣಿವಿಲಾಸ ಹೆರಿಗೆ ಆಸ್ಪತ್ರೆ 1935ರಿಂದ ಇದೆ. ಈ ಅನ್ಯಾಯಕ್ಕೆ ಏಮ್ಸ್ ಕೇಳುವುದು ಹಕ್ಕು. ಆದರೆ ಏಮ್ಸ್ ಬಂದರೆ ಬಾಣಂತಿಯರ ಸಾವು ತಾನಾಗಿ ನಿಲ್ಲುತ್ತದೆ ಎಂಬ ನಂಬಿಕೆಯನ್ನು ಒಪ್ಪಲು ಆಗುವುದಿಲ್ಲ. ಏಮ್ಸ್ ಬರುವುದು ದಾರಿಯ ಕೊನೆಯಲ್ಲಿ. ರಕ್ತ ಸುರಿಯುವುದು ದಾರಿಯ ಆರಂಭದಲ್ಲಿ. ದೇವದುರ್ಗದಲ್ಲಿ ಮತ್ತು ಮಾನ್ವಿಯಲ್ಲಿ ವಾರದ ಏಳೂ ರಾತ್ರಿ ಅರಿವಳಿಕೆ ತಜ್ಞರು ಇರಲೇಬೇಕೆಂದು, ರಕ್ತ ಸಂಗ್ರಹ ಘಟಕದಲ್ಲಿ ರಕ್ತ ಇರಲೇಬೇಕೆಂದು ಒಂದು ದಿನದ ಧರಣಿಯಾದರೂ ನಡೆಯಲಿ. ಮುಂದಾಳುಗಳಿಗೆ ಇದು ನನ್ನ ಮನವಿ.

ಹಣವಿಲ್ಲ ಎಂಬ ಮಾತು ಈ ಭಾಗದಲ್ಲಿ ನಡೆಯದು. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟಿತು. ಸಂವಿಧಾನದ 371ಜೆ ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು, 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಯಾದಗಿರಿಯ ಜೊತೆ ರಾಯಚೂರೂ ಸೇರಿತು. ಅನುದಾನದಲ್ಲಿ ಕಟ್ಟಡ ಕಟ್ಟುವುದು ಸುಲಭ. ಉದ್ಘಾಟನೆ ಆಗುತ್ತದೆ, ಫಲಕದಲ್ಲಿ ಹೆಸರು ಬರುತ್ತದೆ. ರಾತ್ರಿ ಎರಡಕ್ಕೆ ಎಚ್ಚರವಿರುವ ತಜ್ಞರನ್ನು ಉಳಿಸಿಕೊಳ್ಳುವುದು ಕಷ್ಟ. ಕಡ್ಡಾಯ ಗ್ರಾಮೀಣ ಸೇವೆಗೆ ಬರುವ ಎಳೆ ವೈದ್ಯರು ವರ್ಷ ತುಂಬಿದ ಕೂಡಲೇ ಹೋಗುತ್ತಾರೆ, ಅವರನ್ನು ದೂರುವಂತಿಲ್ಲ. ಆಯ್ದ ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ ಅಲ್ಪಾವಧಿ ತರಬೇತಿ ಕೊಟ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಳಸುವ ಕೇಂದ್ರದ ಯೋಜನೆ ಬಹಳ ಹಿಂದಿನಿಂದ ಇದೆ. ತಮಿಳುನಾಡು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂವರು ದಾದಿಯರನ್ನು ಪಾಳಿಯ ಮೇಲೆ ಇರಿಸಿ ಇಪ್ಪತ್ತನಾಲ್ಕು ತಾಸೂ ಹೆರಿಗೆ ನಡೆಯುವಂತೆ ಮಾಡಿತು, ಪ್ರತಿ ತಾಯಿಯ ಸಾವನ್ನೂ ವಿಚಾರಣೆಗೆ ತಂದಿತು. ಅವರ 54ಕ್ಕೂ ನಮ್ಮ 69ಕ್ಕೂ ನಡುವಿನ ಅಂತರದಲ್ಲಿ ಇಂಥ ಕೆಲಸಗಳಿವೆ.

ಕೊನೆಯದಾಗಿ ಗುಳೆ. ಮಳೆ ಕೈಕೊಟ್ಟ ವರ್ಷ, ಸುಗ್ಗಿ ಮುಗಿದ ತಿಂಗಳು, ದೇವದುರ್ಗ ಮತ್ತು ಲಿಂಗಸುಗೂರು ಕಡೆಯಿಂದ ಬೆಂಗಳೂರು, ಪುಣೆಗೆ ಬಸ್ಸುಗಳು ತುಂಬಿ ಹೋಗುತ್ತವೆ. ಬಸುರಿಯರೂ ಹೋಗುತ್ತಾರೆ. ಹೆಸರು ಬರೆಸಿದ್ದು ಊರಿನ ಉಪಕೇಂದ್ರದಲ್ಲಿ, ಏಳನೇ ತಿಂಗಳು ಕಟ್ಟಡದ ಕೆಲಸದ ಶೆಡ್ಡಿನಲ್ಲಿ, ಬೇನೆ ಬಂದದ್ದು ಗುರುತು ಪರಿಚಯವಿಲ್ಲದ ನಗರದಲ್ಲಿ. ಊರಿನ ಆಶಾ ಪುಸ್ತಕದಲ್ಲಿ "ವಲಸೆ" ಎಂದು ಬರೆದರೆ ಅಲ್ಲಿಗೆ ಆ ಸಾಲು ಮುಗಿಯುತ್ತದೆ. ನಗರದ ಆಶಾ ಪುಸ್ತಕದಲ್ಲಿ ಅವಳ ಹೆಸರು ಏರುವುದಿಲ್ಲ, ಏಕೆಂದರೆ ಅವಳು ಅಲ್ಲಿಯವಳಲ್ಲ. ಅರಿವು ಮೂಡಿಸುವ ಯಾವ ಫಲಕವೂ ಈ ನಡುವಿನ ಜಾಗದಲ್ಲಿ ಇಲ್ಲ. ಮಾಡಬೇಕಾದದ್ದು ತಿಳಿಯದ ಸಂಗತಿಯೇನಲ್ಲ. ಗುಳೆ ಹೊರಟ ಬಸುರಿಯ ವಿವರ ಊರಿನ ದಾದಿಯಿಂದ ನಗರದ ದಾದಿಗೆ ಅದೇ ದಿನ ಹೋಗಬೇಕು. ಅವಳ ತಪಾಸಣೆ ಯಾವ ಊರಿನಲ್ಲಾದರೂ ಅದೇ ಕಾರ್ಡಿನಲ್ಲಿ ಮುಂದುವರಿಯಬೇಕು. ಜಿಲ್ಲಾಡಳಿತ ಪ್ರತಿ ತಿಂಗಳೂ ತಾಲ್ಲೂಕುವಾರು ಹೇಳಬೇಕು: ಎಷ್ಟು ತಾಯಂದಿರು ಸತ್ತರು, ಅವರಲ್ಲಿ ಪರಿಶಿಷ್ಟ ಪಂಗಡದವರು, ಪರಿಶಿಷ್ಟ ಜಾತಿಯವರು ಎಷ್ಟು, ಸಾಯುವ ಮೊದಲು ಎಷ್ಟು ಆಸ್ಪತ್ರೆಗಳ ಬಾಗಿಲು ತಟ್ಟಿದ್ದರು, ಪ್ರತಿ ಬಾಗಿಲಲ್ಲಿ ಎಷ್ಟು ಹೊತ್ತು ಕಾದಿದ್ದರು. ಹೆಸರು ಬೇಡ, ಅಂಕಿ ಸಾಕು. ಆ ಪಟ್ಟಿ ದೇವದುರ್ಗದ ಶಾಸಕರ ಮೇಜಿನ ಮೇಲೂ, ಮಾನ್ವಿಯವರ ಮೇಜಿನ ಮೇಲೂ, ರಾಯಚೂರಿನ ಸಂಸದರ ಮೇಜಿನ ಮೇಲೂ ಇರಲಿ. ಮೂರೂ ಸ್ಥಾನಗಳು ಇದೇ ಜನಕ್ಕೆಂದು ಮೀಸಲಾದವು.